ಮೂರು ದಿನದ ಕಮೋಡು

ಹೊಸ ಕಮೋಡು ಕೂರಿಸಿ ಮೂರೇ ದಿನ. "ಫ್ಲಶ್ ಒತ್ತಿದ್ರೆ ಎಂಜಲು ಉಗುಳಿದಷ್ಟು ನೀರು ಬರುತ್ತಲ್ಲೋ!" ಎಂದು ಮನೆ ಯಜಮಾನ ಪ್ಲಂಬರನ ಕಪಾಳಕ್ಕೆ ಬಾರಿಸಿದ.

"ಮೊದಲ ದಿನ ಚೆನ್ನಾಗೇ ಬರ್ತಿತ್ತಲ್ಲ ಸಾರ್?"

"ಎದುರು ಮಾತಾಡ್ತೀಯಾ? ಕೈ ಕತ್ತರಿಸಿ ಹಾಕ್ತೀನಿ. ಲೇ ಇವಳೇ, ಮಚ್ಚು ತಾರೇ!"

"ಎಲ್ಲೂ ಸಿಗ್ತಿಲ್ಲರೀ," ಎಂದಳು ಬಾಗಿಲಲ್ಲಿದ್ದ ಹೆಂಡತಿ. ಅವಳ ಮೊಣಕೈಗೆ ಬ್ಯಾಂಡೇಜು ಸುತ್ತಿತ್ತು.

"ಎರಡು ದಿನದಿಂದ ಇದೇ ರಾಗ!" ಅವನು ಅವಳ ಜಡೆ ಹಿಡಿದು ತಲೆಯನ್ನು ಗೋಡೆಗೆ ಗುದ್ದಿದ.

ಪ್ಲಂಬರ್ ಫ್ಲಶ್ ಟ್ಯಾಂಕಿನ ಮುಚ್ಚಳ ಎತ್ತಿದ. ಟ್ಯಾಂಕು ಅರ್ಧವೂ ತುಂಬಿರಲಿಲ್ಲ. ಒಳಗೆ ಅಡ್ಡಡ್ಡವಾಗಿ ಸಿಕ್ಕಿಕೊಂಡಿದ್ದ ಮಚ್ಚು, ಮೇಲೇರಿದರೆ ನೀರು ನಿಲ್ಲಿಸುವ ಫ್ಲೋಟನ್ನು ಎತ್ತಿ ಹಿಡಿದಿತ್ತು. ಅವನು ತಿರುಗಿದಾಗ ಅವಳು ಉಸಿರು ಬಿಗಿಹಿಡಿದು ಅವನನ್ನೇ ನೋಡುತ್ತಿದ್ದಳು.

"ಏನಾಗಿದೆಯೋ ಅದರೊಳಗೆ?"

ಪ್ಲಂಬರ್ ಮುಚ್ಚಳ ಹಾಕಿ, ಅದರ ಮೇಲೆ ಕೈಯೂರಿ ನಿಂತ.

"ತಪ್ಪು ನಂದೇ ಸಾರ್. ಹೊಡೀರಿ."