ಅವನಿಗೆ ಹೇಳು

“ಇಕ್ಕಳ ಆ ಕಡೆಯಿಂದ ಅಲ್ಲ, ಈ ಕಡೆಯಿಂದ ಹಿಡೀಬೇಕು ಅಂತ ಅವನಿಗೆ ಹೇಳು,” ಎಂದರು ಮಾವ.

ಹೇಳಬೇಕಾದ ಅತ್ತೆ ಟಾಯ್ಲೆಟ್ಟಿನ ಬಾಗಿಲಲ್ಲಿ ನಿಂತಿದ್ದರು. ಕೇಳಬೇಕಾದ ಅಳಿಯ ಮಾವನ ಮೊಣಕೈಗೆ ತಾಗಿಕೊಂಡೇ ಫ್ಲಶ್ ಟ್ಯಾಂಕಿನ ಮೇಲೆ ಬಗ್ಗಿದ್ದ. ಒಬ್ಬರು ತಿರುಗಬೇಕಾದರೆ ಇನ್ನೊಬ್ಬರು ಗೋಡೆಗೆ ಅಂಟಿಕೊಳ್ಳಬೇಕಾದಷ್ಟು ಇಕ್ಕಟ್ಟಿನ ಜಾಗ ಅದು. ಆದರೂ ಮಾತು ಮಾತ್ರ ಬಾಗಿಲವರೆಗೆ ಹೋಗಿ, ಅತ್ತೆಯನ್ನು ಮುಟ್ಟಿಯೇ ವಾಪಸ್ಸು ಬರಬೇಕಿತ್ತು. ಮಗಳು ತಾನೇ ಮೆಚ್ಚಿ ಒಬ್ಬ ಟೈಲರನ್ನು ಮದುವೆಯಾದ ದಿನದಿಂದ ಮಾವ ಮಾಡಿಕೊಂಡ ಕಾನೂನು ಅದು.

“ಈ ಕಡೆಯಿಂದ ಹಿಡೀಬೇಕಂತೆ ಕಣಪ್ಪಾ.”

“ಈ ಕಡೆ ಮಾವನ ಹೊಟ್ಟೆ ಅಡ್ಡ ಇದೆ ಅಂತ ಹೇಳಿ ಅತ್ತೆ.”

“ಹೊಟ್ಟೆ ಅಡ್ಡ ಇದೆಯಂತೆ ರೀ.”

ಮಾವ ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಒಳಕ್ಕೆ ಎಳೆದುಕೊಂಡರು. ನೀರು ಮಾತ್ರ ಯಾರ ಮುಲಾಜೂ ಇಲ್ಲದೆ ಸುರಿಯುತ್ತಲೇ ಇತ್ತು. ಮೊದಲು ಅದು ಬರೀ ಸಣ್ಣ ಜಿನುಗು. ಬಸ್ಸು ಓಡಿಸಿ ನಿವೃತ್ತರಾದ ಮಾವ, ‘ಇಂಜಿನ್ನನ್ನೇ ಬಿಚ್ಚಿ ಕೂಡಿಸಿದವನಿಗೆ ಇದ್ಯಾವ ಮಹಾ’ ಎಂದು ಒಂದು ಬೆಳಿಗ್ಗೆ ಟ್ಯಾಂಕಿನೊಳಗೆ ಕೈ ಹಾಕಿದರು. ಅಂದಿನಿಂದ ನಲ್ಲಿ ಬಿಟ್ಟ ಹಾಗೆ ಹರಿಯತೊಡಗಿತು. ಮನೆಯವರು ಮೈಗೆ ಸೋಪು ಹಚ್ಚಿಕೊಳ್ಳುವಷ್ಟರಲ್ಲಿ ಮಹಡಿಯ ಮೇಲಿನ ತೊಟ್ಟಿ ಖಾಲಿ. ಮೈತುಂಬ ನೊರೆ ಮಾಡಿಕೊಂಡು ನಿಲ್ಲುವುದು ಸಾಕಾಗಿ, ಅತ್ತೆ ಗಂಡನನ್ನು ಕೇಳದೆ ಮಗಳಿಗೆ ಫೋನ್ ಮಾಡಿದ್ದರು. “ನಮ್ಮನೇದನ್ನ ಇವರೇ ಸರಿ ಮಾಡಿದ್ದು, ಕಳಿಸ್ತೀನಿ ಇರು,” ಎಂದಿದ್ದಳು ಮಗಳು.

ಅಳಿಯ ಬಂದದ್ದು ನೀರು ನಿಲ್ಲಿಸುವುದಕ್ಕೇ ನಿಜ. ಆದರೆ ಅವನಿಗೆ ಇನ್ನೊಂದು ಆಸೆಯೂ ಇತ್ತು. ಈ ಮನುಷ್ಯನ ಬಾಯಿಂದ ನೇರವಾಗಿ ಒಂದು ಮಾತು ಕೇಳಬೇಕು; ‘ಬಾ’ ಆದರೂ ಸರಿ, ‘ತೊಲಗು’ ಆದರೂ ಸರಿ. ಮದುವೆಯ ಹೊಸದರಲ್ಲಿ ಅವನು ಮಾವನಿಗೆಂದು ಬೂದು ಬಣ್ಣದ ತುಂಬುತೋಳಿನ ಅಂಗಿಯೊಂದನ್ನು ಹೊಲಿದಿದ್ದ. ತನ್ನ ಅಂಗಡಿಯಲ್ಲಿದ್ದ ಗುಂಡಿ ಒಂದೂ ಒಪ್ಪದೆ, ಊರೆಲ್ಲ ಅಲೆದು ಹಸಿರು ಅಂಚಿನ ಗುಂಡಿಗಳನ್ನು ಹುಡುಕಿ ತಂದಿದ್ದ. ಮಗಳ ಮೂಲಕ ಬಂದ ಉತ್ತರ: “ಸೈಕಲ್ ಒರೆಸೋಕೆ ಬಟ್ಟೆ ಚೆನ್ನಾಗಿದೆ ಅಂತ ಅವನಿಗೆ ಹೇಳು.”

ಅಳಿಯ ತೇಲುತ್ತಿದ್ದ ಪ್ಲಾಸ್ಟಿಕ್ ಚೆಂಡಿನ ಕಡ್ಡಿಯನ್ನು ಇಕ್ಕಳದಿಂದ ಕೊಂಚ ಬಗ್ಗಿಸಿದ. ನೀರು ನಿಲ್ಲಲಿಲ್ಲ.

“ಅದನ್ನ ನಾನೂ ಬಗ್ಗಿಸಿ ನೋಡಿದ್ದೆ ಅಂತ ಹೇಳು,” ಮಾವನ ದನಿಯಲ್ಲಿ ಸಣ್ಣ ಖುಷಿ.

“ಹಾಗಾದ್ರೆ ತೊಂದರೆ ಮೇಲಿಲ್ಲ ಅತ್ತೆ, ತಳದಲ್ಲಿದೆ. ಅಡಿಯಲ್ಲಿರೋ ರಬ್ಬರ್ ಮುಚ್ಚಳ ಸರಿಯಾಗಿ ಕೂರ್ತಿಲ್ಲ.”

ಅವನು ತೋಳು ಮಡಚಿ, ಮೊಣಕೈವರೆಗೂ ನೀರಿಗೆ ಇಳಿಸಿ, ಮುಚ್ಚಳವನ್ನು ಎತ್ತಿ ಬೆರಳಾಡಿಸಿದ. ಅಂಚಿನಲ್ಲಿ ಏನೋ ಗಟ್ಟಿಯಾದ್ದು ಸಿಕ್ಕಿಕೊಂಡಿತ್ತು. ಕಿತ್ತು ಹೊರಗೆ ತೆಗೆದ.

ಹಸಿರು ಅಂಚಿನ ಗುಂಡಿ. ತೂತುಗಳಲ್ಲಿ ಬೂದು ದಾರದ ಎಳೆ ಇನ್ನೂ ಇತ್ತು. ಟ್ಯಾಂಕಿಗೆ ಕೈ ಹಾಕಿದ ಬೆಳಿಗ್ಗೆ ಮಾವನ ಮೈಮೇಲಿದ್ದ ಅಂಗಿ ಯಾವುದೆಂದು ಇನ್ನು ಯಾರೂ ಹೇಳಬೇಕಾಗಿರಲಿಲ್ಲ.

ರಬ್ಬರ್ ಮುಚ್ಚಳ ಪಚಕ್ಕನೆ ಕೂತಿತು. ಟ್ಯಾಂಕು ತುಂಬಿತು. ನೀರು ನಿಂತಿತು. ಇಷ್ಟು ದಿನದ ಸದ್ದು ಒಮ್ಮೆಲೇ ಅಡಗಿ, ಮೂವರಿಗೂ ಕಿವಿ ಗಡಚಿಕ್ಕಿದಂತಾಯಿತು.

“ಕೈಯಲ್ಲಿ ಏನದು ಅಂತ ಕೇಳು,” ಎಂದರು ಮಾವ, ಅಳಿಯನ ಮುಷ್ಟಿಯನ್ನೇ ನೋಡುತ್ತ.

“ನೀವೇ ಕೇಳ್ಕೊಳ್ಳಿ. ಒಲೆ ಮೇಲೆ ಹಾಲಿಟ್ಟಿದ್ದೀನಿ,” ಎಂದು ಅತ್ತೆ ಹೊರಟೇಬಿಟ್ಟರು. ಒಲೆಯ ಮೇಲೆ ಹಾಲೂ ಇರಲಿಲ್ಲ, ಒಲೆ ಹೊತ್ತಿರಲೂ ಇಲ್ಲ. ಅಡುಗೆಮನೆಯ ಗೋಡೆಗೆ ಕಿವಿಯಿಟ್ಟು ನಿಂತರು.

ಮಾವ ಖಾಲಿ ಬಾಗಿಲನ್ನು ನೋಡಿದರು. ಕೆಮ್ಮಿದರು. ಮಾತನ್ನು ಕಳಿಸಲು ಬೇರೆ ದಾರಿಯೇ ಇರಲಿಲ್ಲ.

“ಏ… ಏನದು?”

“ಏನಿಲ್ಲ ಮಾವ, ಕಸ. ಸೈಕಲ್ ಒರೆಸೋ ಬಟ್ಟೆಯಿಂದ ಉದುರಿದ್ದಿರಬೇಕು.”

ಮಾವನ ಕಿವಿ ಕೆಂಪಾಯಿತು. ಆದರೆ ಅಷ್ಟಕ್ಕೆಲ್ಲ ಸೋಲುವ ಜೀವವಲ್ಲ ಅದು. “ಗಟ್ಟಿಯಾಗಿ ಹೊಲಿದಿದ್ರೆ ಯಾಕಯ್ಯಾ ಉದುರ್ತಿತ್ತು? ಟೈಲರ್ ಅಂತೆ, ಟೈಲರ್!”

“ದಿನಾ ಹಾಕ್ಕೊಂಡ್ರೆ ಯಾವ ಗುಂಡಿ ತಾನೆ ನಿಲ್ಲುತ್ತೆ ಮಾವ?”

“ದಿನಾ ಎಲ್ಲಯ್ಯ ಹಾಕ್ಕೊಂಡೆ? ಒಗೆದು ಒಣಗೋದು ಬೇಡ್ವಾ ಅದು?”

ಬಾಯಿಂದ ಜಾರಿದ ಮಾತು ಇಬ್ಬರ ನಡುವೆ ಬಿದ್ದಿತು. ಗೋಡೆಯ ಆಚೆ ಯಾರೋ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕ ಸದ್ದು. ಮಾವ ಬಿರಬಿರನೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅಳಿಯ ಗುಂಡಿಯನ್ನು ಅಂಗೈಯಲ್ಲಿಟ್ಟುಕೊಂಡು, ಹೋಗುವುದೋ ನಿಲ್ಲುವುದೋ ತಿಳಿಯದೆ, ಒದ್ದೆ ಕೈಯಲ್ಲೇ ಹಜಾರದಲ್ಲಿ ನಿಂತ.

ಬಾಗಿಲು ತೆರೆಯಿತು. ಮಾವ ಬೂದು ಅಂಗಿ ತೊಟ್ಟು ಬಂದಿದ್ದರು. ಬಲತೋಳಿನ ಪಟ್ಟಿ ಗುಂಡಿಯಿಲ್ಲದೆ ಬಾಯಿ ತೆರೆದುಕೊಂಡಿತ್ತು. ಅವರು ಕುರ್ಚಿ ಎಳೆದು ಕೂತು, ಆ ಕೈಯನ್ನು ಅಳಿಯನತ್ತ ಚಾಚಿದರು.

“ಅಂಗಿ ಬಿಚ್ಚಿ ಕೊಡಿ ಮಾವ, ಸೂಜಿ ತಾಗೀತು.”

“ತಾಗಿಸದೆ ಹೊಲಿಯೋಕೆ ಬರುತ್ತೋ ಇಲ್ವೋ ನಿಂಗೆ?”

ಅಳಿಯ ಸದಾ ತನ್ನ ಕಾಲರಿನ ಅಡಿ ಸಿಕ್ಕಿಸಿಕೊಂಡಿರುತ್ತಿದ್ದ ದಾರದ ಸೂಜಿಯನ್ನು ಹೊರಗೆಳೆದು, ಅವರ ಮುಂದೆ ಮಂಡಿಯೂರಿದ. ಬೆಟ್ಟದ ತಿರುವುಗಳಲ್ಲಿ ಬಸ್ಸು ಓಡಿಸಿದ್ದ ಮಾವ, ಇಂಜೆಕ್ಷನ್ನಿಗೆ ಕೈ ಕೊಟ್ಟ ಮಗುವಿನ ಹಾಗೆ ಕಣ್ಣು ಬಿಗಿಯಾಗಿ ಮುಚ್ಚಿ, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು.