ಸಂಗೀತದಿಂದ ರಸಾಯನಕ್ಕೆ ಒಂದು ಗೆರೆ

“ಪರೀಕ್ಷೆ ಐದೇ ದಿನದಲ್ಲಿ ಮುಗೀಬೇಕು. ಶನಿವಾರಕ್ಕೆ ಹಾಲ್ ಬೇರೆಯವರಿಗೆ ಕೊಟ್ಟಾಗಿದೆ,” ಎಂದು ಪ್ರಿನ್ಸಿಪಾಲರು ಕಡ್ಡಿ ಮುರಿದಂತೆ ಹೇಳಿದರು.

ಗಣಿತದ ಮೇಡಂ ಸ್ಟಾಫ್ ರೂಮಿನ ಬಿಳಿ ಬೋರ್ಡಿನತ್ತ ಕೈ ತೋರಿಸಿದರು. ಪರೀಕ್ಷೆಯ ವೇಳಾಪಟ್ಟಿಯನ್ನು ಪ್ರತಿ ವರ್ಷ ಅವರ ತಲೆಗೇ ಕಟ್ಟುವುದು ಕಾಲೇಜಿನ ರೂಢಿ. ಒಂದೊಂದು ವಿಷಯಕ್ಕೆ ಒಂದೊಂದು ಸೊನ್ನೆ. ಯಾವುದೇ ಎರಡು ವಿಷಯಗಳನ್ನು ಒಟ್ಟಿಗೆ ಓದುವವರು ಒಬ್ಬರೇ ಇದ್ದರೂ ಸಾಕು, ಆ ಸೊನ್ನೆಗಳ ನಡುವೆ ಒಂದು ಗೆರೆ. ಅವೆರಡೂ ಒಂದೇ ದಿನ ಬರುವಂತಿಲ್ಲ. ಬೋರ್ಡು ಮಕ್ಕಳು ಗೀಚಿದ ಗೋಡೆಯಂತಾಗಿತ್ತು.

“ಕಂಪ್ಯೂಟರ್ ಇರೋದ್ಯಾಕೆ?”

“ಅದಕ್ಕೂ ಇದೇ ಗೋಳು ಸರ್. ಯಾರಾದ್ರೂ ಐದು ದಿನದ ಪಟ್ಟಿ ತಂದುಕೊಡ್ಲಿ, ಸರಿಯೋ ತಪ್ಪೋ ಅಂತ ಈ ಟೀ ಆರೋದ್ರೊಳಗೆ ಹೇಳ್ತೀನಿ. ಹುಡುಕಿಕೊಡು ಅಂದ್ರೆ ಬೇರೆ ಮಾತು. ಒಂದು ವಿಷಯ ಹೆಚ್ಚಾದ್ರೆ ಹುಡುಕಾಟ ಐದು ಪಟ್ಟು ಬೆಳೆಯುತ್ತೆ. ಸಲೀಸಾದ ದಾರಿ ಪ್ರಪಂಚದಲ್ಲಿ ಇನ್ನೂ ಯಾರಿಗೂ ಸಿಕ್ಕಿಲ್ಲ. ನೀವು ಗದರಿದ್ರೂ ಸಿಗಲ್ಲ.” ಮೇಡಂ ಬಾಯಿ ಅಷ್ಟಕ್ಕೇ ಸುಮ್ಮನಿರಲಿಲ್ಲ. “ಆರು ದಿನದ್ದು ಸಿದ್ಧ ಇದೆ. ಈ ಸಂಗೀತ, ರಸಾಯನದ ಗೆರೆ ಒಂದಿಲ್ದಿದ್ರೆ ಐದಕ್ಕೂ ಕೂರ್ತಿತ್ತು.”

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು.

“ಆ ಎರಡೂ ಓದೋರು ಎಷ್ಟು ಜನ?”

“ಒಬ್ಬಳೇ ಹುಡುಗಿ.”

ಪ್ರಿನ್ಸಿಪಾಲರು ಎದ್ದು ಡಸ್ಟರಿನಿಂದ ಗೆರೆಯನ್ನು ಒರೆಸಿದರು. “ಮುಗೀತಲ್ಲ! ಸಂಗೀತ ಬಿಡು ಅನ್ನಿ ಅವಳಿಗೆ.”

ಮೇಡಂಗೆ ಮೈಯೆಲ್ಲ ಉರಿದುಹೋಯಿತು. ಆ ಹುಡುಗಿ ಯಾರಿಗೂ ತೊಂದರೆಯಾಗದಂತೆ ಮೆಟ್ಟಿಲ ಕೆಳಗೆ ಕೂತು ಪಿಟೀಲು ಅಭ್ಯಾಸ ಮಾಡುವುದನ್ನು ಅವರು ದಿನವೂ ಕೇಳುತ್ತಿದ್ದರು. ಉತ್ತರಪತ್ರಿಕೆಯ ಕಟ್ಟುಗಳ ಮೇಲೆ ನೀರು ಬಿದ್ದರೂ ಅಳಿಸದಂತೆ ನಂಬರ್ ಬರೆಯುವ ದಪ್ಪ ಪೆನ್ನು ಕೈಗೆ ಸಿಕ್ಕಿತು. ಅದೇ ಜಾಗದಲ್ಲಿ ಗೆರೆಯನ್ನು ಮತ್ತೆ ಎಳೆದರು.

“ಒಬ್ಬಳಿಗೋಸ್ಕರ ಇಡೀ ಕಾಲೇಜು ಆರನೇ ದಿನ ಬರ್ಬೇಕಾ?”

“ಬರ್ಲಿ. ಲೆಕ್ಕ ಕಷ್ಟ ಅಂತ ಹುಡುಗೀನೇ ಕಳೆಯೋಕಾಗುತ್ತಾ? ಆ ಪಟ್ಟಿಗೆ ನಾನು ಸಹಿ ಹಾಕಲ್ಲ. ಬೇಕಿದ್ರೆ ನನ್ನನ್ನೂ ಅಳಿಸಿಬಿಡಿ.”

ಪ್ರಿನ್ಸಿಪಾಲರ ಮುಖ ಕೆಂಪೇರಿತು. ಡಸ್ಟರ್ ಹಿಡಿದು ಇಡೀ ಬೋರ್ಡನ್ನೇ ಉಜ್ಜಿದರು. ಸೊನ್ನೆಗಳು, ವಿಷಯಗಳು, ನೂರಾರು ಗೆರೆಗಳು ಎಲ್ಲವೂ ಹೋಗಿ ಬೋರ್ಡು ಬೆಳ್ಳಗಾಯಿತು. ನಟ್ಟನಡುವೆ ಒಂದು ಗೆರೆ ಮಾತ್ರ ಹಾಗೇ ಉಳಿಯಿತು. ಅವರು ಅದನ್ನು ಉಗುರಿನಿಂದ ಕೆರೆಯತೊಡಗಿದರು.

“ಅದು ಹೋಗಲ್ಲ ಸರ್,” ಎಂದರು ಮೇಡಂ. “ಹಾಲ್ ಕೇಳಿದವರಿಗೆ ಫೋನ್ ಮಾಡಿ.”