ಇನ್ನೂರನೆಯ ಫಾರಂ

ಶುಕ್ರವಾರ ಬೆಳಿಗ್ಗೆ ಎಂಟೂವರೆಗೆ ಮನಶ್ಶಾಸ್ತ್ರದ ಇತಿಹಾಸದಲ್ಲಿ ಗಂಭೀರವಾದ ಬಿಕ್ಕಟ್ಟೊಂದು ತಲೆದೋರಿತು: ಒಂದು ಫಾರಂ ಕಡಿಮೆ ಬಿತ್ತು. ಹದಿನೆಂಟರಿಂದ ಇಪ್ಪತ್ತೈದರೊಳಗಿನವರಿಗೆ ವಯಸ್ಸಾದವರ ಬಗ್ಗೆ ಎಷ್ಟು ತಾತ್ಸಾರವಿದೆ ಎಂದು ಅಳೆಯುವ ಫಾರಂ ಅದು. ಇಪ್ಪತ್ತೈದು ವಾಕ್ಯಗಳು, ಪ್ರತಿಯೊಂದಕ್ಕೂ ಒಂದರಿಂದ ಐದರವರೆಗೆ ಅಂಕ. ಅಂಕ ಹೆಚ್ಚಿದಷ್ಟೂ ತಾತ್ಸಾರ ಹೆಚ್ಚು. ಮಧ್ಯಾಹ್ನ ಮೂರಕ್ಕೆ ತುಂಬಿದ ಇಂಥ ಇನ್ನೂರು ಫಾರಂ ಗೈಡ್ ಮೇಡಂ ಮೇಜಿನ ಮೇಲಿರಬೇಕು, ಇಲ್ಲದಿದ್ದರೆ ಎಂ.ಎ. ಪ್ರಬಂಧ ಮುಂದಿನ ವರ್ಷಕ್ಕೆ. ಮೊಮ್ಮಗಳ ಬಳಿ ಇದ್ದದ್ದು ನೂರ ತೊಂಬತ್ತೊಂಬತ್ತು.

ಅವಳು ಫೋನು ಹಿಡಿದು ಗೊತ್ತಿದ್ದವರನ್ನೆಲ್ಲ ಗೋಗರೆಯುತ್ತಿದ್ದಾಗ ಅಜ್ಜಿ ಬಂದು, ಖಾಲಿ ಫಾರಂ ಒಂದಿದ್ದರೆ ಕೊಡು, ನಾನು ನೋಡುತ್ತೇನೆ ಎಂದರು.

“ಅಜ್ಜೀ, ಇದು ನಿಂಗೆ ಅರ್ಥ ಆಗಲ್ಲ. ಸುಮ್ನೆ ಕೂತ್ಕೋ,” ಎಂದು ಮೊಮ್ಮಗಳು ಒಂದೊಂದೇ ಅಕ್ಷರ ಬಿಡಿಸಿ, ಬೀದಿಯ ಆಚೆ ಬದಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

ಅಜ್ಜಿ ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಟ್ರಂಕ್ ಕಾಲಿನ ಗೊರಗೊರ ಸದ್ದಿನೊಳಗಿಂದ ಊರಿನ ಹೆಸರು ಹೆಕ್ಕಿ ತೆಗೆದ ಕಿವಿ ಅವರದು. ಪಕ್ಕದ ಮನೆಯ ಜಗಳದಲ್ಲಿ ಯಾರು ಗೆದ್ದರೆಂದು ಈಗಲೂ ಗೋಡೆಯ ಈಚೆಯಿಂದಲೇ ಹೇಳಬಲ್ಲದು. ಆದರೂ ಅವರೊಡನೆ ಹೀಗೆ ಕಿರುಚಿ ಮಾತಾಡುವುದು ಮೊಮ್ಮಗಳಿಗೆ ಎರಡು ವರ್ಷದಿಂದ ರೂಢಿಯಾಗಿತ್ತು, ಅಂದರೆ ಅಜ್ಜಿ ಕೂದಲಿಗೆ ಬಣ್ಣ ಹಚ್ಚುವುದನ್ನು ಬಿಟ್ಟಾಗಿನಿಂದ.

ಅವಳು ಸ್ನಾನ ಮುಗಿಸಿ ಬರುವಷ್ಟರಲ್ಲಿ ಕಟ್ಟಿನ ಮೇಲೆ ತುಂಬಿದ ಫಾರಂ ಒಂದು ಕೂತಿತ್ತು. ವಯಸ್ಸು ಇಪ್ಪತ್ತಮೂರು, ಹೆಣ್ಣು, ಮನೆಯಲ್ಲಿ ಹಿರಿಯರಿದ್ದಾರೆ. ಇದು ಯಾರದ್ದೆಂದು ಕೇಳಿದರೆ, ತನಗೆ ಚೆನ್ನಾಗಿ ಗೊತ್ತಿರುವ ಹುಡುಗಿಯದೇ ಎಂದರು ಅಜ್ಜಿ. ಹೆಚ್ಚು ವಿಚಾರಿಸಲು ಪುರುಸೊತ್ತಿರಲಿಲ್ಲ. ಮೊಮ್ಮಗಳು ಅಜ್ಜಿಯ ಕೆನ್ನೆ ಹಿಂಡಿ, ಜಾಣಮರಿ ಎಂದು ಹೊಗಳಿ, ಫಾರಂ ಅನ್ನು ಕಟ್ಟಿನ ಅಡಿಗೆ ಸೇರಿಸಿ, ಚೀಲಕ್ಕೆ ತುರುಕಿಕೊಂಡು ಓಡಿದಳು.

ಮೇಡಂಗೆ ಐವತ್ತೆಂಟು. ಅಂದು ಬೆಳಿಗ್ಗೆಯಷ್ಟೇ ಇಬ್ಬರು ವಿದ್ಯಾರ್ಥಿನಿಯರು, ಅವರು ಕೇಳದಿದ್ದರೂ, ಕೈಹಿಡಿದು ಮೆಟ್ಟಿಲು ಹತ್ತಿಸಿದ್ದರು. ಹಾಗಾಗಿ ಮೊದಲ ನೂರ ತೊಂಬತ್ತೊಂಬತ್ತು ಫಾರಂಗಳನ್ನು ಅವರು ಸ್ವಲ್ಪ ಅನುಮಾನದಿಂದಲೇ ತಿರುವಿಹಾಕಿದರು. ಯಾರ ಅಂಕವೂ ಮೂವತ್ತೈದು ದಾಟಿರಲಿಲ್ಲ. ಇಷ್ಟು ಜನ ಸಂತರು ಒಂದೇ ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತಿದ್ದಾರೆಂದು ತನಗೆ ತಿಳಿದೇ ಇರಲಿಲ್ಲ ಎಂದರು. ಕೊನೆಯದರ ಮೊತ್ತ ನೂರ ಹನ್ನೊಂದು. ಅಂಕದ ಪಕ್ಕದಲ್ಲಿ ಗುಂಡಗಿನ ಅಕ್ಷರದಲ್ಲಿ ಟಿಪ್ಪಣಿಗಳೂ ಇದ್ದವು. ಮೇಡಂ ಕನ್ನಡಕ ಏರಿಸಿ ಓದತೊಡಗಿದರು.

“ಏಳನೆಯ ವಾಕ್ಯ, ವಯಸ್ಸಾದವರೊಡನೆ ಗಟ್ಟಿಯಾಗಿ, ನಿಧಾನವಾಗಿ ಮಾತಾಡುತ್ತೇನೆ. ಐದು ಅಂಕ. ‘ಕಿವಿ ಚೆನ್ನಾಗಿದ್ದದ್ದು ಇವಳಿಂದಲೇ ಹಾಳಾಗುವ ಸಂಭವವಿದೆ.’ ಹನ್ನೆರಡು, ಮೊಬೈಲ್ ಹೇಳಿಕೊಡುವಾಗ ತಾಳ್ಮೆ ಇರುವುದಿಲ್ಲ. ಐದು. ‘ಹೇಳಿಕೊಟ್ಟರೆ ತಾನೇ ತಾಳ್ಮೆ ಬೇಕು? ಕಿತ್ತುಕೊಂಡು ತಾನೇ ಒತ್ತುತ್ತಾಳೆ.’ ಹದಿನೆಂಟು, ವಯಸ್ಸಾದವರ ಪರವಾಗಿ ನಾನೇ ಮಾತಾಡುತ್ತೇನೆ. ಐದು. ‘ಮೊನ್ನೆ ಹೊಟ್ಟೆನೋವು ಯಾರಿಗೆಂದು ಡಾಕ್ಟರಿಗೇ ಗೊಂದಲವಾಯಿತು.’”

ಹೊಟ್ಟೆನೋವಿನ ಹೊತ್ತಿಗೆ ಮೊಮ್ಮಗಳ ಕಿವಿ ಕೆಂಪಾಗಿತ್ತು. ಫಾರಂನ ಅಡಿಯಲ್ಲಿ ಇನ್ನೊಂದು ಸಾಲಿತ್ತು: ‘ಹುಡುಗಿ ಒಳ್ಳೆಯವಳು. ಇದನ್ನೆಲ್ಲ ಪ್ರೀತಿಯಿಂದಲೇ ಮಾಡುತ್ತಾಳೆ, ಅದಕ್ಕೇ ಅವಳಿಗೆ ಗೊತ್ತಾಗುವುದಿಲ್ಲ.’

“ಯಾರಮ್ಮ ಈ ಹುಡುಗಿ? ನಾನು ನೋಡ್ಬೇಕಲ್ಲ,” ಎಂದರು ಮೇಡಂ.

“ನಾನೇ, ಮೇಡಂ. ತುಂಬಿದ್ದು ನಮ್ಮಜ್ಜಿ.”

ಪ್ರಬಂಧ ಶುರುಮಾಡುವಾಗ ಪರೀಕ್ಷೆಗೆಂದು ನಿನ್ನ ಫಾರಂ ನೀನೇ ತುಂಬಿದ್ದೆಯಲ್ಲ, ಅದರಲ್ಲಿ ಎಷ್ಟು ಬಂದಿತ್ತು ಎಂದು ಮೇಡಂ ಕೇಳಿದರು. ಇಪ್ಪತ್ತಾರು, ಎಂದಳು ಅವಳು. ಮೇಡಂ ಬಹಳ ಹೊತ್ತು ನಕ್ಕರು. ನಕ್ಕು, ಕನ್ನಡಕ ತೆಗೆದು ಒರೆಸಿಕೊಂಡು, ಕಟ್ಟನ್ನು ಹಾಗೇ ಅವಳ ಕಡೆಗೆ ತಳ್ಳಿದರು. “ಉಳಿದ ನೂರ ತೊಂಬತ್ತೊಂಬತ್ತು ಮನೇಲೂ ಒಬ್ಬೊಬ್ಬರು ಹಿರಿಯರನ್ನ ಕೇಳ್ಕೊಂಡು ಬಾ.”

ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ, ಇನ್ನೊಬ್ಬರ ಫಾರಂ ತುಂಬುವುದು ಎಲ್ಲಿಯ ನ್ಯಾಯ ಎಂದು ರೇಗಿದಳು. ಅಜ್ಜಿಗೆ ನಿಜಕ್ಕೂ ಆಶ್ಚರ್ಯವಾಯಿತು. ನಿಮ್ಮ ಕಾಲೇಜಿನಲ್ಲಿ ತಮ್ಮ ಅಂಕ ತಾವೇ ಹಾಕಿಕೊಳ್ಳುತ್ತಾರೆಯೇ ಎಂದು ಕೇಳಿದರು. ಎಕ್ಸ್‌ಚೇಂಜಿನಲ್ಲಿ ತಿಂಗಳಿಗೊಮ್ಮೆ ಆಪರೇಟರುಗಳ ಸೌಜನ್ಯಕ್ಕೆ ಅಂಕ ಹಾಕುವ ಚೀಟಿ ಬರುತ್ತಿತ್ತಂತೆ. ತನ್ನ ಚೀಟಿಯನ್ನು ತಾನು ಮುಟ್ಟುವಂತಿರಲಿಲ್ಲ, ಪಕ್ಕದ ಸೀಟಿನವಳೇ ತುಂಬಬೇಕು.

“ಹೆಡ್‌ಫೋನ್ ಹಾಕ್ಕೊಂಡೋಳಿಗೆ ತನ್ನ ದನಿ ಹೇಗಿದೆ ಅಂತ ಎಲ್ಲಿ ಗೊತ್ತಾಗುತ್ತೆ, ಪುಟ್ಟಿ? ಪಕ್ಕದಲ್ಲಿ ಕೂತೋಳಿಗೇ ಗೊತ್ತಾಗೋದು. ಈ ಮನೇಲಿ ನಿನ್ನ ಪಕ್ಕದ ಸೀಟು ನಂದು.”

ಮೊಮ್ಮಗಳು ತನ್ನ ಕಾಫಿಯನ್ನು ತಾನೇ ಮಾಡಿಕೊಳ್ಳಲು ಒಳಗೆ ಹೋದಳು. ಅಲ್ಲಿಂದ, ನಲ್ಲಿ ಸುರಿಯುತ್ತಿದ್ದಂತೆಯೇ, ಕಿರುಚದೆ, ಮಾಮೂಲಿ ದನಿಯಲ್ಲಿ, ನಿನಗೂ ಬೇಕಾ ಎಂದು ಕೇಳಿದಳು. ಸಕ್ಕರೆ ಅರ್ಧ ಚಮಚ ಸಾಕೆಂದು ಹಾಲ್‌ನಿಂದ ಉತ್ತರ ಬಂತು.

ಪ್ರಬಂಧ ಮುಂದಿನ ವರ್ಷಕ್ಕೆ ಹೋಯಿತು. ತಿಂಗಳು ತುಂಬಿದ ದಿನ ಅಜ್ಜಿ ಮೊಮ್ಮಗಳ ಫಾರಂ ಅನ್ನು ಮತ್ತೊಮ್ಮೆ ತುಂಬಿದರು. ನೂರ ಹನ್ನೊಂದಿದ್ದದ್ದು ನೂರ ಒಂಬತ್ತಾಗಿತ್ತು.